ಭೂಕಂಪಕ್ಕೆ ಹತ್ತು ವರ್ಷ ಮೊದಲು

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ.

2019ರ ಆಗಸ್ಟ್ ತಿಂಗಳು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೇ ಉಕ್ಕಿದ್ದವು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಊರಿಗೆ ಊರೇ ನೀರಲ್ಲಿ ನಿಂತಿತ್ತು. ನಾನು ಬೆಂಗಳೂರಿನ ಸ್ಟುಡಿಯೋದಲ್ಲಿ ಮೈಮೇಲೆ ಒಂದು ಹನಿ ಬೀಳದ ಹಾಗೆ ಕೋಟು ಹಾಕಿಕೊಂಡು ಕೂತು, ದಿನವೂ ಗಂಟೆಗಟ್ಟಲೆ ಕೂಗಿದೆ. ಉತ್ತರ ಕರ್ನಾಟಕ ಮುಳುಗ್ತಿದೆ, ಕೈಲಾದದ್ದು ಕೊಡಿ, ಕೂಡಲೇ ಹೊರಡಿ ಅಂತ. ಕನ್ನಡಿಗರ ಮನಸ್ಸು ಸಣ್ಣದಲ್ಲ. ಕೊಟ್ಟರು. ಹೊರಟರು. ಲಾರಿ, ಟೆಂಪೊ, ಕಾರು, ಬೈಕು, ಯಾವುದು ಸಿಕ್ತೋ ಅದರಲ್ಲಿ ಹೊರಟರು. ನಮ್ಮ ಒಂದು ಕರೆಗೆ ನಾಡೇ ಎದ್ದು ನಿಂತಿದೆ ಅಂತ ನಾನು ಬೀಗಿದೆ.

ನೀರು ಇಳಿದ ಮೇಲೆ ನಾನೂ ಹೋದೆ. ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಶಾಲೆಯಲ್ಲೇ ಪರಿಹಾರ ಕೇಂದ್ರ. ಶಾಲೆಯ ಗೇಟಿನ ಹೊರಗೆ ಆಳೆತ್ತರದ ಒಂದು ರಾಶಿ. ಹತ್ತಿರ ಹೋಗಿ ನೋಡಿದರೆ ಬಟ್ಟೆ! ಹರಿದ ನೈಟಿ, ಗುಂಡಿ ಕಿತ್ತ ಶರ್ಟು, ಯಾರದೋ ಮದುವೆಯ ಜರಿ ಲಂಗ, ಜೋಡಿಯಿಲ್ಲದ ಒಂಟಿ ಶೂ. ಎಲ್ಲಾ ಮಳೆಗೆ ನೆಂದು ಮುಗ್ಗಲು ಹಿಡಿದಿದ್ದವು. ಅದರ ಮೇಲೆ ಎರಡು ನಾಯಿ ಹಾಯಾಗಿ ಮಲಗಿದ್ದವು. ಪಕ್ಕದಲ್ಲೇ ಬೂಷ್ಟು ಹಿಡಿದ ಬ್ರೆಡ್ ಪ್ಯಾಕೆಟ್‌ಗಳು. ಈ ಹಳ್ಳಿ ಹೆದ್ದಾರಿಗೆ ಹತ್ತಿರ, ಹಾಗಾಗಿ ಬಂದ ಗಾಡಿಯೆಲ್ಲ ಇಲ್ಲೇ ನಿಂತು, ಇಲ್ಲೇ ಇಳಿಸಿ, ಇಲ್ಲೇ ಫೋಟೊ ಹೊಡೆಸಿಕೊಂಡು ವಾಪಸ್ ಹೋಗಿದ್ದವು. ಒಳಗಡೆ ನಾಲ್ಕು ಕಿಲೋಮೀಟರ್ ದೂರದ ಇನ್ನೊಂದು ಹಳ್ಳಿಗೆ ಒಂದು ಗಾಡಿಯೂ ಹೋಗಿರಲಿಲ್ಲ.

ನಾನು ಮೈಕ್ ಹಿಡಿದದ್ದೇ ತಡ, ಅರವತ್ತು ದಾಟಿದ ಒಬ್ಬ ಅಜ್ಜಿ ಮುಂದೆ ಬಂದರು. 'ಯಪ್ಪಾ, ದಿನಾ ಟೀವ್ಯಾಗ ಒದರತಿದ್ದವರು ನೀವ ಅಲ್ಲೇನು? ನಮ್ಮ ಮನಿ ಹೋಗೈತಿ, ಮಾನ ಹೋಗಿಲ್ಲ. ಈ ಹಳೇ ಅರಿವಿ ಸಾಕ್ರಿ. ಮನಿಯಾಗ ಮಣಕಾಲ ಮಟ ರಾಡಿ ತುಂಬೇತಿ. ನಾಕ ಸಲಿಕಿ ಕೊಡಸ್ರಿ. ಹಿಡಿಯಾಕ ಬರೋ ನಾಕ ಮಂದಿ ಕಳಸ್ರಿ' ಅಂದರು.

ಅಷ್ಟು ದಿನ ಅಷ್ಟು ಕೂಗಿದೆನಲ್ಲ, 'ಸಲಿಕೆ' ಅನ್ನೋ ಪದ ಒಂದು ಸಲಾನೂ ನನ್ನ ಬಾಯಲ್ಲಿ ಬಂದಿರಲಿಲ್ಲ!

ಆವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಸೇವೆಗೆ ಮನಸ್ಸೊಂದಿದ್ದರೆ ಸಾಕಾ? ನಮ್ಮ ಹಿರಿಯರು ಇಂಥ ಹೊತ್ತಲ್ಲಿ ಏನು ಮಾಡ್ತಿದ್ದರು? ಹಳೆಯ ಪುಟಗಳನ್ನ ತಿರುವಿದಾಗ ಉತ್ತರ ಸಿಕ್ಕಿತು. ಅದೂ ಎಲ್ಲಿ? ನಮ್ಮ ಹುಬ್ಬಳ್ಳಿಯಲ್ಲಿ.

ಆದರೆ ಕಥೆ ಶುರುವಾಗೋದು ಇಟಲಿಯಲ್ಲಿ. 1859ರ ಜೂನ್ 24. ಸೋಲ್ಫೆರಿನೋ ಅನ್ನೋ ಊರಿನ ಹತ್ತಿರ ಒಂದು ಕಡೆ ಫ್ರಾನ್ಸ್ ಮತ್ತು ಸಾರ್ಡಿನಿಯಾ, ಇನ್ನೊಂದು ಕಡೆ ಆಸ್ಟ್ರಿಯಾ. ಒಂದೇ ದಿನದ ಯುದ್ಧ. ಸತ್ತವರು, ಗಾಯಗೊಂಡವರು ಸೇರಿ ಸುಮಾರು 40 ಸಾವಿರ. ಆಗ ಅಲ್ಲಿಗೆ ಬಂದವನು ಹೆನ್ರಿ ಡ್ಯುನಾಂಟ್ ಅನ್ನೋ ಜಿನೀವಾದ ವ್ಯಾಪಾರಿ. ಅವನು ಬಂದಿದ್ದು ಸೇವೆಗಲ್ಲ ಸ್ವಾಮಿ. ಅಲ್ಜೀರಿಯಾದಲ್ಲಿದ್ದ ತನ್ನ ವ್ಯವಹಾರಕ್ಕೆ ಫ್ರಾನ್ಸಿನ ಚಕ್ರವರ್ತಿಯಿಂದ ಅನುಕೂಲ ಮಾಡಿಸಿಕೊಳ್ಳೋಣ ಅಂತ ಬಂದವನು. ನೋಡಿದರೆ ಕಾಸ್ಟಿಲ್ಯೋನೆ ಅನ್ನೋ ಪಕ್ಕದ ಊರಿನ ಚರ್ಚಿನ ತುಂಬ, ಬೀದಿಯ ತುಂಬ ಗಾಯಾಳುಗಳು ನರಳುತ್ತಾ ಬಿದ್ದಿದ್ದಾರೆ. ಊರಿನ ಹೆಂಗಸರು ನಮ್ಮವರು, ಶತ್ರುಗಳು ಅಂತ ಭೇದ ಮಾಡದೆ ನೀರು ಕುಡಿಸ್ತಿದ್ದಾರೆ. ಈತನೂ ಕೈಜೋಡಿಸಿದ.

ಇಲ್ಲಿವರೆಗಿನ ಕಥೆ ಎಲ್ಲರಿಗೂ ಗೊತ್ತು. ರೆಡ್ ಕ್ರಾಸ್ ಹುಟ್ಟಿದ್ದು ಹೀಗೆ ಅಂತ ಶಾಲೆಯಲ್ಲಿ ಓದಿದ್ದೀವಿ. ಆದರೆ ಡ್ಯುನಾಂಟ್ ಅಲ್ಲಿ ಇನ್ನೂ ಒಂದು ವಿಷಯ ಗಮನಿಸಿದ. ಮೊದಲ ದಿನ ಓಡಿಬಂದವರ ಉತ್ಸಾಹ ಕೆಲವೇ ದಿನಕ್ಕೆ ಬತ್ತಿಹೋಗುತ್ತೆ. ಮನಸ್ಸಿದ್ದರೂ ಪಟ್ಟಿ ಕಟ್ಟೋಕೆ ಬರಲ್ಲ, ಯಾರನ್ನ ಮೊದಲು ನೋಡಬೇಕು ಅಂತ ಗೊತ್ತಾಗಲ್ಲ. ಬದುಕಬಹುದಾಗಿದ್ದವರೂ ಕಣ್ಣೆದುರೇ ಹೋಗಿಬಿಡ್ತಾರೆ. 1862ರಲ್ಲಿ ಅವನು ಬರೆದ ಪುಸ್ತಕದ ತಿರುಳು ಇದೇ. ಯುದ್ಧ ಬಂದಾಗ ಸೇವಕರನ್ನ ಹುಡುಕಬೇಡಿ, ಶಾಂತಿ ಇರುವಾಗಲೇ ಸಂಘ ಕಟ್ಟಿ, ತರಬೇತಿ ಕೊಟ್ಟು ಇಟ್ಟುಕೊಳ್ಳಿ. 1863ರಲ್ಲಿ ಸಮಿತಿ ಆಯಿತು, 1864ರಲ್ಲಿ ಜಿನೀವಾ ಒಪ್ಪಂದ. ವ್ಯಾಪಾರದಲ್ಲಿ ದಿವಾಳಿಯಾದ ಈ ಮನುಷ್ಯನಿಗೆ 1901ರಲ್ಲಿ ಶಾಂತಿಗಾಗಿ ಕೊಟ್ಟ ಮೊಟ್ಟಮೊದಲ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ನಮ್ಮ ಗಾಂಧೀಜಿ ಇದನ್ನ ದಕ್ಷಿಣ ಆಫ್ರಿಕಾದಲ್ಲೇ ಕಲಿತಿದ್ದರು. 1899ರ ಬೋಯರ್ ಯುದ್ಧದಲ್ಲಿ ಅವರು ಕಟ್ಟಿದ ಭಾರತೀಯರ ಆಂಬುಲೆನ್ಸ್ ದಳದಲ್ಲಿ ಸುಮಾರು 1,100 ಜನ ಇದ್ದರು. ಡಾ. ಬೂತ್ ಅನ್ನೋ ವೈದ್ಯರ ಹತ್ತಿರ ಮೊದಲು ಶುಶ್ರೂಷೆ ಕಲಿತು, ಆಮೇಲೆ ಡೋಲಿ ಹೊತ್ತರು. ಕೆಲವು ದಿನ 20-25 ಮೈಲಿ ಗಾಯಾಳುಗಳನ್ನ ಹೊತ್ತು ನಡೆದರು. ಮೊದಲು ಕಲಿಕೆ, ಆಮೇಲೆ ಹೆಗಲು. ಈ ಕ್ರಮ ನೆನಪಿರಲಿ.

ಈಗ ಹುಬ್ಬಳ್ಳಿಗೆ ಬರೋಣ.

ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್. ಧಾರವಾಡದಲ್ಲಿ ಹುಟ್ಟಿದವರು, ಅಮೆರಿಕದಲ್ಲಿ ಓದಿಬಂದವರು, ಹುಬ್ಬಳ್ಳಿಯನ್ನ ಕಾರ್ಯಕ್ಷೇತ್ರ ಮಾಡಿಕೊಂಡವರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹ ನಡೆದಾಗ ಜೈಲಿನ ಕಷ್ಟ ತಡೆಯಲಾರದೆ ಎಷ್ಟೋ ಜನ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಬರೆದುಕೊಡದೆ ಗಟ್ಟಿಯಾಗಿ ನಿಂತದ್ದು ಹರ್ಡೀಕರರ ಹುಬ್ಬಳ್ಳಿ ಸೇವಾ ಮಂಡಲದ ಹುಡುಗರು. ಕಾಂಗ್ರೆಸ್ಸಿನ ದೊಡ್ಡ ನಾಯಕರೆಲ್ಲ ಹುಬ್ಬೇರಿಸಿದರು. ಈ ಹುಡುಗರಲ್ಲಿ ಇರೋ ಗಟ್ಟಿತನ ಬೇರೆಯವರಲ್ಲಿ ಯಾಕಿಲ್ಲ? ಉತ್ತರ ಸರಳ. ಇವರಿಗೆ ತರಬೇತಿ ಇತ್ತು! ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಹಿಂದೂಸ್ತಾನಿ ಸೇವಾ ದಳ ಹುಟ್ಟಿತು. ಜವಾಹರಲಾಲ್ ನೆಹರೂ ಅಧ್ಯಕ್ಷರು, ದುಡಿಮೆ ಹರ್ಡೀಕರರದು. ಕವಾಯತು, ಶಿಸ್ತು ಅಂದರೆ ಅಹಿಂಸೆಗೆ ವಿರುದ್ಧ ಅಲ್ಲವಾ ಅಂತ ಕಾಂಗ್ರೆಸ್ಸಿನೊಳಗೇ ಮೂಗು ಮುರಿದವರಿದ್ದರು. ಹರ್ಡೀಕರರು ತಲೆ ಕೆಡಿಸಿಕೊಳ್ಳಲಿಲ್ಲ. ಹುಬ್ಬಳ್ಳಿಯಿಂದ ಶಿಬಿರ ನಡೆಸಿದರು, ಸ್ವಯಂಸೇವಕರಿಗಾಗಿಯೇ ಪತ್ರಿಕೆ ತಂದರು.

ಇದೇ ಹೊತ್ತಿಗೆ ಹುಬ್ಬಳ್ಳಿಗೆ ಬಂದವರು ಉಮಾಬಾಯಿ ಕುಂದಾಪುರ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಹೆಣ್ಣುಮಗಳು. 1923ರಲ್ಲಿ ಗಂಡ ತೀರಿಕೊಂಡರು. ಆ ಕಾಲದಲ್ಲಿ ಗಂಡ ಸತ್ತ ಹೆಣ್ಣಿನ ಬದುಕು ಏನಾಗ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇವರ ಮಾವ ಆನಂದರಾವ್ ದೊಡ್ಡ ಮನುಷ್ಯ. ಸೊಸೆಯನ್ನ ಮೂಲೆಯಲ್ಲಿ ಕೂರಿಸಲಿಲ್ಲ. ಮುಂಬಯಿಯಿಂದ ಹುಬ್ಬಳ್ಳಿಗೆ ಕರೆತಂದು, ಓದಿ ಕಲಿತ ಸೊಸೆಯನ್ನ ಸಾರ್ವಜನಿಕ ಕೆಲಸಕ್ಕೆ ಬೆನ್ನುತಟ್ಟಿ ಕಳಿಸಿದರು. ಉಮಾಬಾಯಿ ಭಗಿನಿ ಮಂಡಲ ಕಟ್ಟಿದರು, ಹೆಣ್ಣುಮಕ್ಕಳ ಶಾಲೆ ನೋಡಿಕೊಂಡರು, ಸೇವಾ ದಳದ ಮಹಿಳಾ ವಿಭಾಗದ ಹೊಣೆ ಹೊತ್ತರು.

1924ರ ಡಿಸೆಂಬರ್, ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಆಗ ನೀರಿಗಾಗಿ ತೋಡಿದ ಬಾವಿ ಇವತ್ತಿಗೂ ಟಿಳಕವಾಡಿಯಲ್ಲಿದೆ. ಬಾವಿಯ ಕಥೆ ಎಲ್ಲರೂ ಹೇಳ್ತಾರೆ. ಆದರೆ ಉಮಾಬಾಯಿ ಊರೂರು ಸುತ್ತಿ 150ಕ್ಕೂ ಹೆಚ್ಚು ಹೆಂಗಸರನ್ನ ಸ್ವಯಂಸೇವಕಿಯರಾಗಿ ಕರೆತಂದ ಕಥೆ ಎಷ್ಟು ಜನಕ್ಕೆ ಗೊತ್ತು? ಹೊಸ್ತಿಲು ದಾಟೋದೇ ತಪ್ಪು ಅನ್ನೋ ಕಾಲದಲ್ಲಿ ಈ ಹೆಂಗಸರು ಬಂದರು. ಸಾವಿರಾರು ಜನ ಸೇರೋ ಜಾಗದಲ್ಲಿ ಶಿಸ್ತಾಗಿ ನಿಂತು ಕೆಲಸ ಮಾಡೋದು ಹೇಗೆ ಅಂತ ಕಲಿತರು. ಆಗ ಅಲ್ಲಿ ಪ್ರವಾಹ ಇರಲಿಲ್ಲ, ಭೂಕಂಪ ಇರಲಿಲ್ಲ. ಇದ್ದದ್ದು ಅಭ್ಯಾಸ ಮಾತ್ರ.

1932ರಲ್ಲಿ ಉಮಾಬಾಯಿಗೆ ಯರವಡಾ ಜೈಲು. ಅವರು ಒಳಗಿದ್ದಾಗಲೇ ಮಾವ ತೀರಿಕೊಂಡರು. ಹೊರಗೆ ಬಂದು ನೋಡಿದರೆ ಮಾವ ನಡೆಸುತ್ತಿದ್ದ ಮುದ್ರಣಾಲಯ ಸರ್ಕಾರದ ವಶ, ಭಗಿನಿ ಮಂಡಲ ಕಾನೂನುಬಾಹಿರ. ಆನಿಸಿಕೊಳ್ಳೋ ಗೋಡೆಯೇ ಇಲ್ಲ. ಬೇರೆ ಯಾರೇ ಆಗಿದ್ದರೂ ನಂದೇ ನನಗೆ ಸಾಕಾಗಿದೆ ಅಂತ ಕೂತುಬಿಡ್ತಿದ್ದರು.

ಆಗ ಬಂತು 1934ರ ಜನವರಿ 15.

ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ನೇಪಾಳ ಮತ್ತು ಬಿಹಾರದ ನೆಲ ನಡುಗಿತು. ಮುಂಗೇರ್, ಮುಜಫ್ಫರಪುರ ಪಟ್ಟಣಗಳು ಇಟ್ಟಿಗೆ ರಾಶಿಯಾದವು. ಎರಡೂ ಕಡೆ ಸೇರಿ ಸತ್ತವರು 10 ಸಾವಿರಕ್ಕೂ ಹೆಚ್ಚು. ನೆಲ ಬಾಯಿಬಿಟ್ಟು ನೀರು, ಮರಳು ಉಗುಳಿತು. ಹೊಲದ ಮೇಲೆಲ್ಲ ಮರಳು, ಬಾವಿ ತುಂಬ ಮರಳು. ಕಬ್ಬು ಅರೆಯೋ ಕಾಲ. ಸಕ್ಕರೆ ಕಾರ್ಖಾನೆಗಳು ಬಿದ್ದು, ಬೆಳೆದ ಕಬ್ಬು ಹೊಲದಲ್ಲೇ ನಿಂತಿತು.

ರಾಜೇಂದ್ರ ಪ್ರಸಾದ್ ಆಗ ಬ್ರಿಟಿಷರ ಕೈದಿ. ಉಬ್ಬಸದಿಂದ ನರಳುತ್ತಾ ಪಾಟ್ನಾದ ಆಸ್ಪತ್ರೆಯಲ್ಲಿದ್ದರು. ಎರಡು ದಿನದ ಮೇಲೆ ಬಿಡುಗಡೆ ಆಯಿತು. ಆಸ್ಪತ್ರೆಯಿಂದ ಎದ್ದವರು ಮನೆಗೆ ಹೋಗಿ ಮಲಗಲಿಲ್ಲ. ಬಿಹಾರ ಕೇಂದ್ರೀಯ ಪರಿಹಾರ ಸಮಿತಿ ಕಟ್ಟಿದರು. ದೇಶದ ಮೂಲೆಮೂಲೆಯಿಂದ ದುಡ್ಡು ಬಂತು, ಜನ ಬಂದರು. ಹಾಗೆ ಬಂದವರಲ್ಲಿ ನಮ್ಮ ಹುಬ್ಬಳ್ಳಿಯ ಉಮಾಬಾಯಿ ಇದ್ದರು. ತಮ್ಮ ಸ್ವಯಂಸೇವಕರನ್ನ ಕಟ್ಟಿಕೊಂಡು ಅಷ್ಟು ದೂರ ಹೋಗಿ, ನಿರಾಶ್ರಿತರ ಶಿಬಿರಗಳಲ್ಲಿ ಹಗಲು ರಾತ್ರಿ ದುಡಿದರು. ಅವರಿಗೆ ಅಲ್ಲಿನ ಭಾಷೆ ಬೇರೆ, ಊಟ ಬೇರೆ, ಚಳಿ ಬೇರೆ. ಆದರೆ ಶಿಬಿರದ ಕೆಲಸ ಹೊಸದಾಗಿರಲಿಲ್ಲ. ಕಾಕಿನಾಡದಿಂದ ಲೆಕ್ಕ ಹಾಕಿದರೆ ಆ ಕೈಗಳು ತಯಾರಾಗೋಕೆ ಹತ್ತು ವರ್ಷ ಹಿಡಿದಿತ್ತು. ಭೂಕಂಪ ಆದದ್ದು ಕೆಲವೇ ನಿಮಿಷ!

ಅದೇ ಬಿಹಾರದ ಇನ್ನೆರಡು ಪ್ರಸಂಗ ಹೇಳಿಬಿಡ್ತೀನಿ.

ಮೊದಲನೆಯದು ಮುಂಗೇರಿನದು. ನೆಹರೂ ಅಲ್ಲಿಗೆ ಹೋದಾಗ ಕುಸಿದ ಕಟ್ಟಡಗಳ ರಾಶಿ ಹಾಗೇ ಬಿದ್ದಿತ್ತು. ಅಡಿಯಲ್ಲಿ ಹೆಣಗಳಿವೆ ಅಂತ ಎಲ್ಲರಿಗೂ ಗೊತ್ತು. ಸರ್ಕಾರ ಬರಲಿ ಅಂತ ಎಲ್ಲರೂ ನಿಂತು ನೋಡ್ತಿದ್ದರು. ನೆಹರೂ ಮತ್ತು ಜೊತೆಗಿದ್ದವರು ಭಾಷಣ ಬಿಗಿಯಲಿಲ್ಲ. ಸಲಿಕೆ, ಬುಟ್ಟಿ ತೆಗೆದುಕೊಂಡು ಅಗೆಯೋಕೆ ಇಳಿದರು. ನಿಂತಿದ್ದವರೂ ಇಳಿದರು. ನನ್ನ ಅಜ್ಜಿ ಕೇಳಿದ್ದೂ ಅದೇ ಸಲಿಕೆ, ಎಂಬತ್ತೈದು ವರ್ಷ ಆದಮೇಲೆ.

ಎರಡನೆಯದು ಜೆ.ಸಿ. ಕುಮಾರಪ್ಪ ಅವರದು. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತವರು, ಗಾಂಧಿ ವಿಚಾರದ ಅರ್ಥಶಾಸ್ತ್ರಜ್ಞರು. ಪರಿಹಾರ ಸಮಿತಿಯ ಲೆಕ್ಕ ಅವರ ಕೈಗೆ ಬಂತು. ಸ್ವಯಂಸೇವಕನ ಊಟದ ಖರ್ಚು ತಲೆಗೆ ದಿನಕ್ಕೆ ಮೂರಾಣೆ ಅಂತ ಕಟ್ಟುಮಾಡಿದರು. ಅದಕ್ಕಿಂತ ಒಂದು ಕಾಸು ಹೆಚ್ಚಿಲ್ಲ. ಅಷ್ಟರಲ್ಲಿ ಗಾಂಧೀಜಿ ತಮ್ಮ ಪರಿವಾರದ ಜೊತೆ ಬಿಹಾರಕ್ಕೆ ಬಂದರು. ಬಾಪೂ ಊಟಕ್ಕೆ ಹಣ್ಣು, ಹಾಲು ಬೇಕು. ಓಡಾಡೋಕೆ ಮೋಟಾರು, ಅದಕ್ಕೆ ಪೆಟ್ರೋಲು ಬೇಕು. ಕುಮಾರಪ್ಪ ನೇರವಾಗಿ ಮಹದೇವ ದೇಸಾಯಿ ಅವರಿಗೆ ಹೇಳಿಬಿಟ್ಟರು, ಈ ಖರ್ಚು ಪರಿಹಾರ ನಿಧಿಯಿಂದ ಬರೋದಿಲ್ಲ, ಬೇರೆ ವ್ಯವಸ್ಥೆ ಮಾಡಿಕೊಳ್ಳಿ ಅಂತ. ಯಾರಿಗೆ? ಗಾಂಧೀಜಿಗೆ! ಸಂತ್ರಸ್ತನ ಹೆಸರಲ್ಲಿ ಬಂದ ದುಡ್ಡು ಸಂತ್ರಸ್ತನದು, ಮಹಾತ್ಮನೇ ಬಂದರೂ ಮೂರಾಣೆ ಮೂರಾಣೆಯೇ. ಇವತ್ತು ಪರಿಹಾರದ ಅಕ್ಕಿ ಮೂಟೆಯ ಮೇಲೆ ತನ್ನ ಫೋಟೊ ಅಂಟಿಸಿಕೊಳ್ಳೋ ನಾಯಕರಿಗೆ, ದೇಣಿಗೆ ಎತ್ತಿ ಲೆಕ್ಕ ಕೇಳಿದರೆ ಮುಖ ಸಿಂಡರಿಸೋ ಸಂಘಗಳಿಗೆ ಈ ಕಥೆ ಯಾರಾದರೂ ಓದಿ ಹೇಳಬೇಕು.

ತಯಾರಿ, ಸಲಿಕೆ, ಲೆಕ್ಕ. ಸೇವೆಯ ಮೂರು ಕಾಲು ಇವು. ಒಂದು ಮುರಿದರೂ ಮಣೆ ಉರುಳುತ್ತೆ.

ಮುರಿದದ್ದನ್ನ ನಾವು ನೋಡೂ ಇದ್ದೀವಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಿಲ್ಲಾರಿ ಕುಸಿಯಿತು. ಗಣೇಶನನ್ನ ಬಿಟ್ಟು ಬಂದು ಮಲಗಿದ್ದ ಜನ. ನಮ್ಮ ಬೀದರ್, ಕಲಬುರಗಿಯವರೂ ಆ ನಡುಕ ಕಂಡವರೇ. ನೆರವಿಗೆ ಹೋದವರ ಜೊತೆಗೇ ನೋಡೋಕೆ ಹೋದವರೂ ಸೇರಿ ರಸ್ತೆ ಕಟ್ಟಿಕೊಂಡಿತು. 2004ರ ಸುನಾಮಿಯಲ್ಲಿ ನಾಗಪಟ್ಟಣದ ಮೀನುಗಾರರು ಹಳೇ ಬಟ್ಟೆ ಮುಟ್ಟಲಿಲ್ಲ, ರಸ್ತೆಬದಿಯಲ್ಲಿ ರಾಶಿ ಬಿದ್ದವು. ಹದಿನೈದು ವರ್ಷ ಆದಮೇಲೆ ಅದೇ ರಾಶಿಯನ್ನ ನಾವು ಮಲಪ್ರಭೆಯ ದಂಡೆಗೆ ತಂದು ಸುರಿದೆವು. ಕಲಿತದ್ದೇನು?

ಸರಿಯಾಗಿ ನಡೆದದ್ದೂ ಇದೆ. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಮೀನುಗಾರರು ದೋಣಿಗಳನ್ನ ಲಾರಿಗೆ ಏರಿಸಿಕೊಂಡು ಬಂದರು. ಆರುನೂರಕ್ಕೂ ಹೆಚ್ಚು ದೋಣಿ, ನಾಲ್ಕು ಸಾವಿರಕ್ಕೂ ಹೆಚ್ಚು ಜನ. ಅವರು ಕಾಪಾಡಿದ್ದು ಅಲ್ಲಿನ ಸರ್ಕಾರದ ಲೆಕ್ಕದಲ್ಲೇ 65 ಸಾವಿರದಷ್ಟು ಜೀವ. ಹೆಂಗಸರು ದೋಣಿ ಹತ್ತಲಿ ಅಂತ ಒಬ್ಬಾತ ನೀರಲ್ಲಿ ಬಗ್ಗಿ ಬೆನ್ನನ್ನೇ ಮೆಟ್ಟಿಲು ಮಾಡಿಕೊಟ್ಟಿದ್ದನ್ನ ನೀವೂ ನೋಡಿದ್ದೀರಿ. ಆ ದಿನ ಅವರ ಕೈಹಿಡಿದದ್ದು ಕರುಣೆ ಮಾತ್ರ ಅಲ್ಲ. ಹುಟ್ಟಿದಾಗಿನಿಂದ ನೀರಿನ ಜೊತೆ ಗುದ್ದಾಡಿದ ಅನುಭವ. ನೀರು ಎಲ್ಲಿ ಸುಳಿಯುತ್ತೆ, ದೋಣಿ ಎಷ್ಟು ಭಾರ ಹೊರುತ್ತೆ ಅನ್ನೋದು ಅವರಿಗೆ ರಕ್ತದಲ್ಲಿ ಬಂದಿದೆ.

ಜಪಾನಿನ ಕೋಬೆ ನಗರದಲ್ಲಿ 1995ರ ಜನವರಿ 17ರಂದು ಭೂಕಂಪ ಆಯಿತು. 6 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವಶೇಷದಡಿಯಿಂದ ಜೀವಂತ ಹೊರಬಂದವರಲ್ಲಿ ಬಹುಪಾಲು ಜನರನ್ನ ಎಳೆದು ತೆಗೆದದ್ದು ಸೈನ್ಯ ಅಲ್ಲ, ಮನೆಯವರು ಮತ್ತು ಅಕ್ಕಪಕ್ಕದವರು. ಆಮೇಲೆ ಒಂದು ವರ್ಷದಲ್ಲಿ 13 ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಬಂದರು. ಜಪಾನಿಗಳು ಹೆಮ್ಮೆಪಟ್ಟು ಸುಮ್ಮನಾಗಲಿಲ್ಲ. ಇಷ್ಟೊಂದು ಜನ ಬಂದರೆ ಕೆಲಸ ಹಂಚೋದು ಹೇಗೆ ಅಂತ ಯೋಚಿಸಿದರು. ಈಗ ಅಲ್ಲಿ ಅನಾಹುತ ಆದರೆ ಸ್ವಯಂಸೇವಕರ ಕೇಂದ್ರ ತೆರೆಯುತ್ತೆ. ಹೋಗಿ ಹೆಸರು ಬರೆಸಬೇಕು. ಯಾರ ಮನೆ, ಏನು ಕೆಲಸ ಅಂತ ಅವರು ಹೇಳ್ತಾರೆ. ಹೆದ್ದಾರಿ ಪಕ್ಕದ ಹಳ್ಳಿಗೆ ಐವತ್ತು ಗಾಡಿ, ಒಳಗಿನ ಹಳ್ಳಿಗೆ ಸೊನ್ನೆ ಆಗೋದನ್ನ ತಪ್ಪಿಸೋ ದಾರಿ ಅದು.

ನಮ್ಮಲ್ಲಿ ಏನೂ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು, 2006ರಲ್ಲಿ ಎನ್‌ಡಿಆರ್‌ಎಫ್ ಬಂತು. ಗೃಹರಕ್ಷಕ ದಳ ಇದೆ, ಪೌರರಕ್ಷಣೆ ಇದೆ. 2016ರಲ್ಲಿ ಆಪದಾ ಮಿತ್ರ ಅನ್ನೋ ಯೋಜನೆ ಶುರುವಾಯಿತು. ಮೊದಲು ಪ್ರವಾಹದ ಭಯ ಇರೋ 30 ಜಿಲ್ಲೆ, ಜಿಲ್ಲೆಗೆ 200 ಜನರಂತೆ 6 ಸಾವಿರ ಸ್ವಯಂಸೇವಕರು. ಆಮೇಲೆ ಅದನ್ನ 350 ಜಿಲ್ಲೆಗೆ, ಒಂದು ಲಕ್ಷ ಜನರಿಗೆ ವಿಸ್ತರಿಸಿದರು. ಯಾಕೆ ಇದು ಬೇಕು ಅಂದರೆ ಲೆಕ್ಕ ಸುಲಭ. ಎಷ್ಟೇ ಚುರುಕಾದ ಪಡೆಯೂ ಬರೋಕೆ ಗಂಟೆಗಳು ಹಿಡಿಯುತ್ತೆ. ಮೊದಲ ಗಂಟೆಯಲ್ಲಿ ಅಲ್ಲಿರೋದು ಪಕ್ಕದ ಮನೆಯವನು ಮಾತ್ರ. ಅವನಿಗೆ ಕೆಲಸ ಗೊತ್ತಿದ್ದರೆ ಜೀವ ಉಳಿಯುತ್ತೆ, ಇಲ್ಲದಿದ್ದರೆ ಒಂದರ ಜೊತೆ ಎರಡು ಹೋಗುತ್ತೆ. ಕೆರೆಗೆ ಬಿದ್ದ ಮಗುವನ್ನ ತೆಗೆಯೋಕೆ ಈಜು ಬಾರದ ಅಪ್ಪ, ಚಿಕ್ಕಪ್ಪ ಸಾಲಾಗಿ ಧುಮುಕಿ ಸತ್ತ ಸುದ್ದಿಯನ್ನ ನಾನೇ ಎಷ್ಟು ಸಲ ಓದಿದ್ದೀನೋ.

ಆ ಅಜ್ಜಿಯ ಮಾತಾದ ಮೇಲೆ ನಾನೂ ಒಂದು ಪ್ರಥಮ ಚಿಕಿತ್ಸೆ ತರಬೇತಿಗೆ ಹೆಸರು ಬರೆಸಿದೆ. ಮಗನ ವಯಸ್ಸಿನ ಹುಡುಗಿಯೊಬ್ಬಳು ನನಗೆ ಮೇಷ್ಟ್ರು. ನೆಲದ ಮೇಲೆ ಒಂದು ಬೊಂಬೆ ಮಲಗಿಸಿ, ಎದೆಯ ನಡುವೆ 30 ಸಲ ಒತ್ತಿ, ಎರಡು ಸಲ ಉಸಿರು ಕೊಡಿ ಅಂದಳು. ಎರಡು ನಿಮಿಷಕ್ಕೆ ನನ್ನ ಅಂಗಿ ಬೆವರಿಗೆ ಒದ್ದೆ. 'ಸರ್, ನೀವು ಟೀವಿಯಲ್ಲಿ ಒಂದು ಗಂಟೆ ಕೂಗ್ತೀರಾ, ಇಲ್ಲಿ ಇಷ್ಟಕ್ಕೇ ಸುಸ್ತಾ?' ಅಂತ ನಕ್ಕಳು. ಮುಳುಗ್ತಿರೋನ ಹತ್ತಿರ ಮೊದಲು ಹೋಗಬೇಕಾದ್ದು ನಾವಲ್ಲ, ಹಗ್ಗ ಅಂತಲೂ ಅವಳೇ ಹೇಳಿಕೊಟ್ಟದ್ದು. ಐವತ್ತು ವರ್ಷ ಬದುಕಿ, ಇಪ್ಪತ್ತು ವರ್ಷ ಅನಾಹುತದ ಸುದ್ದಿ ಓದಿದ ನನಗೆ ಅಷ್ಟೂ ಗೊತ್ತಿರಲಿಲ್ಲ.

ಉಮಾಬಾಯಿ 1992ರಲ್ಲಿ ತೀರಿಕೊಂಡರು. ಸ್ವಾತಂತ್ರ್ಯ ಬಂದಮೇಲೆ ಪಿಂಚಣಿ ಬೇಡ ಅಂದರು, ತಾಮ್ರಪತ್ರ ಬೇಡ ಅಂದರು, ಹುಬ್ಬಳ್ಳಿಯ ಒಂದು ಚಿಕ್ಕ ಮನೆಯಲ್ಲಿ ಇದ್ದುಬಿಟ್ಟರು. ಆ ಹೊತ್ತಿಗೆ ಅವರನ್ನ ಹುಡುಕಿಕೊಂಡು ಹೋಗುವಂಥ ಕ್ಯಾಮೆರಾ ನಮ್ಮ ಹತ್ತಿರ ಇರಲಿಲ್ಲ. ಇದ್ದಿದ್ದರೆ ಹೋಗ್ತಿದ್ದೆವಾ? ಗೊತ್ತಿಲ್ಲ. ಬಿಹಾರಕ್ಕೆ ಹೋದಾಗ ಅವರ ಬೆನ್ನ ಹಿಂದೆ ಓಬಿ ವ್ಯಾನ್ ಇರಲಿಲ್ಲ. ಹತ್ತು ವರ್ಷ ಕಲಿತ ಕೆಲಸ ಇತ್ತು.

ಮಳೆಗಾಲ ಪ್ರತಿ ವರ್ಷ ಬರುತ್ತೆ, ಯಾರೂ ಕರೆಯಬೇಕಾಗಿಲ್ಲ. ಮುಂದಿನ ಸಲ ಉಕ್ಕುವ ನದಿ ಯಾವುದು, ಜರಿಯುವ ಗುಡ್ಡ ಯಾವುದು ಅಂತ ನನಗೆ ಗೊತ್ತಿಲ್ಲ. ಈಗ ಬಿಸಿಲು ಇದೆ, ಬಿಡುವು ಇದೆ. ನಿಮ್ಮ ತಾಲ್ಲೂಕಿನಲ್ಲಿ ತರಬೇತಿ ಎಲ್ಲಿ ಸಿಗುತ್ತೆ ಅಂತ ವಿಚಾರಿಸಿ, ಒಂದು ವಾರ ಹೋಗಿ ಕಲಿತುಬನ್ನಿ. ಹಳೇ ಬಟ್ಟೆಯನ್ನ ಮನೆಯಲ್ಲೇ ಇಟ್ಟುಕೊಳ್ಳಿ, ನೆಲ ಒರೆಸೋಕೆ ಆಗುತ್ತೆ.

ನಾನೂ ನನ್ನ ಪಾಲಿಂದು ಮಾಡ್ತೀನಿ. ಮುಂದಿನ ಸಲ ಪರದೆ ಮೇಲೆ ಕೂಗೋ ಮೊದಲು ಆ ಊರಿಗೆ ಒಂದು ಫೋನ್ ಮಾಡ್ತೀನಿ. ಏನು ಬೇಕಮ್ಮಾ ಅಂತ ಕೇಳ್ತೀನಿ. ಸಲಿಕೆ ಅಂದರೆ, ಸಲಿಕೆ ಅಂತಲೇ ಕೂಗ್ತೀನಿ.